ಘಟದ ಸಸಿಯಿಂದ ಚೀಲದ ಚೀಟಿಯವರೆಗೆ

ನವರಾತ್ರಿಯ ಮೊದಲ ದಿನ ಬಾಗಲಕೋಟೆಯ ವಿದ್ಯಾಗಿರಿಯ ಅನೇಕ ಮನೆಗಳ ದೇವರ ಕೋಣೆಯಲ್ಲಿ ಒಂದು ಪುಟ್ಟ ಹೊಲ ಸಿದ್ಧವಾಗುತ್ತದೆ. ಬುಟ್ಟಿಯಲ್ಲೋ ಪತ್ರಾವಳಿಯ ಮೇಲೋ ಹೊಲದ ಮಣ್ಣು ಹರಡುತ್ತಾರೆ. ನಡುವೆ ನೀರು ತುಂಬಿದ ಗಡಿಗೆ ಇಟ್ಟು ಸುತ್ತಲೂ ಜೋಳ, ಗೋಧಿ, ಕಡಲೆ, ಹೆಸರು ಬಿತ್ತುತ್ತಾರೆ. ಶಾಸ್ತ್ರದ ಮಾತಿನಲ್ಲಿ ಇದು ಘಟಸ್ಥಾಪನೆ, ಆಡುಮಾತಿನಲ್ಲಿ ‘ಘಟ್ಟ ಹಾಕುವುದು’. ದಿನವೂ ಅಷ್ಟಿಷ್ಟು ನೀರು ಚಿಮುಕಿಸುತ್ತಾರೆ. ಮೂರು-ನಾಲ್ಕು ದಿನಕ್ಕೆ ಮಣ್ಣು ಬಿರಿದು ಮೊಳಕೆ ಕಾಣುತ್ತದೆ. ಒಂಬತ್ತನೆಯ ದಿನಕ್ಕೆ ತಿಳಿಹಳದಿ ಬಣ್ಣದ ಸಸಿಗಳು ಗಡಿಗೆಯ ಸುತ್ತ ಎದ್ದು ನಿಂತಿರುತ್ತವೆ. ಯಾವ ಕಾಳು ಒತ್ತಾಗಿ ಹುಟ್ಟಿದೆ, ಯಾವುದು ತೆಳ್ಳಗಾಗಿದೆ ಎಂದು ನೋಡಿ ಆ ಸಲದ ಬೆಳೆ ಹೇಗೆಂದು ಹೇಳುವುದು ಮನೆಯ ಹಿರಿಯರ ವಾಡಿಕೆ.

ಹಳೆಯ ಬಾಗಲಕೋಟೆಗೂ ನವನಗರಕ್ಕೂ ನಡುವೆ ಇರುವ ವಿದ್ಯಾಗಿರಿ ಹೆಸರಿಗೆ ತಕ್ಕಂತೆ ಕಾಲೇಜುಗಳ ಬಡಾವಣೆ. ಇಲ್ಲಿನ ಬಹುತೇಕ ಮನೆಗಳಿಗೆ ಈಗ ಹೊಲದ ನಂಟು ದೂರದ್ದು. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ದಂಡೆಯ ಎರೆಭೂಮಿಯನ್ನೂ ಹಳೆಯ ಊರಿನ ಒಂದು ಭಾಗವನ್ನೂ ನುಂಗಿತು. ಹೊಲ ಮುಳುಗಿದ ಮನೆಯವರು ಘಟಕ್ಕೆ ಬೇಕಾದ ಮಣ್ಣನ್ನು ಬೇರೆಯವರ ಹೊಲದಿಂದ ತರಬೇಕು. ಆದರೂ ಘಟ ಹಾಕುವುದು ನಿಂತಿಲ್ಲ.

ಈ ಆಚರಣೆಯನ್ನು ಭಕ್ತಿಯ ಕಣ್ಣಿನಿಂದ ನೋಡುವವರಿದ್ದಾರೆ, ಮೂಢನಂಬಿಕೆ ಎನ್ನುವವರೂ ಇದ್ದಾರೆ. ಆದರೆ ಅದು ಬರುವ ಕಾಲವನ್ನು ಗಮನಿಸಿದರೆ ಮೂರನೆಯ ಸಂಗತಿಯೊಂದು ಹೊಳೆಯುತ್ತದೆ. ಬಾಗಲಕೋಟೆ, ಹುನಗುಂದ, ಇಳಕಲ್, ಬಾದಾಮಿ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತನೆ ಉತ್ತರಿ, ಹಸ್ತ ಮಳೆಗಳ ಹೊತ್ತಿನದು. ಎಂದರೆ ಸೆಪ್ಟೆಂಬರ್ ನಡುಭಾಗದಿಂದ ಅಕ್ಟೋಬರ್ ಮೊದಲ ವಾರಗಳವರೆಗೆ. ನವರಾತ್ರಿಯೂ ಸುಮಾರಾಗಿ ಅದೇ ಹೊತ್ತಿಗೆ ಬರುತ್ತದೆ. ಹೊಲಕ್ಕೆ ಹೋಗಬೇಕಾದ ಬೀಜದ ಒಂದು ಹಿಡಿ ಅದೇ ದಿನಗಳಲ್ಲಿ ದೇವರ ಮುಂದೆ ಮೊಳೆಯುತ್ತಿರುತ್ತದೆ. ಬರುವ ಮಳೆ, ಕೀಟ, ಪೇಟೆಯ ದರಗಳನ್ನು ಈ ಸಸಿಗಳು ಹೇಳಲಾರವು. ಆದರೆ ಮನೆಯಲ್ಲಿ ಕೂಡಿಟ್ಟ ಬೀಜಕ್ಕೆ ಜೀವ ಇದೆಯೋ ಇಲ್ಲವೋ ಎಂಬುದನ್ನು ಖಂಡಿತ ಹೇಳಬಲ್ಲವು. ಸಸ್ಯದ ಹುಟ್ಟಿನ ಬಗೆಗೆ ರೈತನಿಗೆ ಮೊದಲು ಬೇಕಾದ ಉತ್ತರ ಅದೇ. ಆ ಉತ್ತರ ಯಾರು ಕೊಡಬೇಕು ಎಂಬುದಕ್ಕೆ ದೊಡ್ಡದೊಂದು ಇತಿಹಾಸವಿದೆ.

ಕಾಳಿನೊಳಗೆ ನಡೆಯುವುದೇನು?

ಒಣಗಿದ ಜೋಳದ ಕಾಳು ನೋಡಲು ಕಲ್ಲಿನ ಹರಳಿನಂತೆ. ಆದರೆ ಅದರೊಳಗೆ ಒಂದು ಪುಟ್ಟ ಗಿಡ ಈಗಾಗಲೇ ಇರುತ್ತದೆ. ಅದೇ ಭ್ರೂಣ. ಕಾಳಿನ ಉಳಿದ ಬಹುಭಾಗ ಹಿಟ್ಟು. ಮನುಷ್ಯ ರೊಟ್ಟಿ ಬಡಿಯುವುದು ಅದರಿಂದಲೇ. ನಿಜಕ್ಕೆ ಅದು ಮರಿಗಿಡಕ್ಕೆ ಕಟ್ಟಿಕೊಟ್ಟ ಬುತ್ತಿ. ಕಡಲೆ, ಹೆಸರುಗಳಲ್ಲಿ ಈ ಬುತ್ತಿ ಎರಡು ಬೇಳೆಗಳಲ್ಲಿ ತುಂಬಿರುತ್ತದೆ.

ಕಾಳು ನೀರನ್ನು ಹೀರಿ ಉಬ್ಬುವುದು ಮೊದಲ ಹಂತ. ಇದು ಸತ್ತ ಕಾಳಿನಲ್ಲೂ ನಡೆಯುತ್ತದೆ, ಆದ್ದರಿಂದ ಉಬ್ಬಿದ ಮಾತ್ರಕ್ಕೆ ಬೀಜ ಚೆನ್ನಾಗಿದೆ ಎನ್ನುವಂತಿಲ್ಲ. ಜೀವಂತ ಕಾಳಿನಲ್ಲಿ ಮಾತ್ರ ಅದರ ಬೆನ್ನಿಗೇ ಉಸಿರಾಟ ಚುರುಕಾಗುತ್ತದೆ. ಭ್ರೂಣ ಗಿಬ್ಬರೆಲಿನ್ ಎಂಬ ರಾಸಾಯನಿಕ ಸಂದೇಶವನ್ನು ಕಳಿಸುತ್ತದೆ. ಹಿಟ್ಟಿನ ಸುತ್ತಲ ತೆಳುಪದರಕ್ಕೆ ಅದು ಮುಟ್ಟಿದೊಡನೆ ಅಲ್ಲಿಂದ ಕಿಣ್ವಗಳು ಹೊರಟು ಹಿಟ್ಟನ್ನು ಸಕ್ಕರೆಯಾಗಿ ಒಡೆಯುತ್ತವೆ. ಮರಿಗಿಡ ಉಣ್ಣುವುದು ಈ ಸಕ್ಕರೆಯನ್ನು. ಮೊಳಕೆ ಕಟ್ಟಿದ ಕಾಳು ಬಾಯಿಗೆ ತುಸು ಸಿಹಿಯಾಗುವುದಕ್ಕೂ ಇದೇ ಕಾರಣ.

ಈ ಸಂದೇಶದ ಸುಳಿವು ಸಿಕ್ಕಿದ್ದು ಭತ್ತದ ಒಂದು ರೋಗದಿಂದ. ಸಸಿಗಳು ವಿಪರೀತ ಉದ್ದ ಬೆಳೆದು ಬೀಳುವ ಆ ರೋಗಕ್ಕೆ ಒಂದು ಶಿಲೀಂಧ್ರದ ಸ್ರಾವವೇ ಕಾರಣವೆಂದು ಜಪಾನಿನ ವಿಜ್ಞಾನಿ ಕುರೊಸಾವಾ 1926ರಲ್ಲಿ ತೋರಿಸಿದರು. ಬಾರ್ಲಿ ಕಾಳಿನ ಹಿಟ್ಟನ್ನು ಕರಗಿಸುವ ಕಿಣ್ವಕ್ಕೂ ಗಿಬ್ಬರೆಲಿನ್‌ಗೂ ಇರುವ ಸಂಬಂಧ ಗೊತ್ತಾದದ್ದು 1960ರ ಸುಮಾರಿಗೆ, ಆಸ್ಟ್ರೇಲಿಯಾದ ಪಾಲೆಗ್ ಮತ್ತು ಜಪಾನಿನ ಯೊಮೊ ಬೇರೆಬೇರೆಯಾಗಿ ನಡೆಸಿದ ಪ್ರಯೋಗಗಳಿಂದ.

ಕಾಳನ್ನು ಒಡೆದು ಮೊದಲು ಹೊರಬರುವುದು ಬೇರು. ನೀರಿನ ವ್ಯವಸ್ಥೆ ಆದ ಮೇಲೆ ಚಿಗುರು ಮೇಲಕ್ಕೆ ಹೊರಡುತ್ತದೆ. ಜೋಳದ ಚಿಗುರಿಗೆ ಮಣ್ಣು ತೂರಲು ಮೊನಚಾದ ಒಂದು ಹೊದಿಕೆ ಇರುತ್ತದೆ. ಹೆಸರು ತನ್ನ ಬೇಳೆಗಳನ್ನು ಹೊತ್ತುಕೊಂಡೇ ಮೇಲೆ ಬರುತ್ತದೆ; ಕಡಲೆ ಅವನ್ನು ನೆಲದೊಳಗೇ ಬಿಟ್ಟು ಚಿಗುರನ್ನಷ್ಟೇ ಕಳಿಸುತ್ತದೆ. ಬೆಳಕು ಕಾಣುವವರೆಗೆ ಸಸಿ ಹಸಿರಾಗುವುದಿಲ್ಲ. ಕತ್ತಲಲ್ಲಿ ಅದು ತನ್ನ ಬುತ್ತಿಯನ್ನೆಲ್ಲ ಉದ್ದವಾಗಲಿಕ್ಕೇ ಖರ್ಚು ಮಾಡುತ್ತದೆ. ದೇವರ ಕೋಣೆಯ ಮಬ್ಬಿನಲ್ಲಿ ಘಟದ ಸಸಿಗಳು ಸಣಕಲಾಗಿ, ಹಳದಿಯಾಗಿ, ಉದ್ದುದ್ದ ಬೆಳೆಯುವುದು ಇದರಿಂದಲೇ. ಬಿಸಿಲು ಬಿದ್ದ ಮೇಲೆ ಎಲೆ ಹಸಿರಾಗಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ.

ಸುಟ್ಟ ಕಾಳಿನ ಸಾಕ್ಷಿ

ಕರ್ನಾಟಕದ ನೆಲದಲ್ಲಿ ಮನುಷ್ಯ ಬಿತ್ತಲು ತೊಡಗಿ ನಾಲ್ಕು ಸಾವಿರ ವರ್ಷಗಳಿಗೂ ಮೀರಿದೆ. ಇದಕ್ಕೆ ಸಾಕ್ಷಿ ಹೇಳುವುದು ಒಲೆಯಲ್ಲಿ ಅಕಸ್ಮಾತ್ ಬಿದ್ದು ಸುಟ್ಟ ಕಾಳುಗಳು. ಇದ್ದಿಲಾದ ಕಾಳು ಮೊಳೆಯದು, ಆದರೆ ಕೊಳೆಯದು ಕೂಡ. ಬಳ್ಳಾರಿ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಇಂಥ ಕಾಳುಗಳನ್ನು ಡೋರಿಯನ್ ಫುಲ್ಲರ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ರವಿ ಕೋರಿಶೆಟ್ಟರ್ ಮೊದಲಾದ ವಿದ್ವಾಂಸರು ಅಭ್ಯಸಿಸಿದ್ದಾರೆ. ಅವುಗಳಲ್ಲಿ ಹುರಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳೇ ಮುಖ್ಯ. ಇಂದು ಈ ಭಾಗದ ರೊಟ್ಟಿಯ ಹಿಟ್ಟಾಗಿರುವ ಜೋಳ ಆಫ್ರಿಕದಿಂದ ಆಮೇಲೆ ಬಂದ ನೆಂಟ.

ಬಿತ್ತುವ ಕೆಲಸ ಬೀಜದ ಸ್ವಭಾವವನ್ನೇ ಬದಲಿಸಿತು. ಕಾಡಿನ ಹುಲ್ಲಿನ ಬೀಜಗಳೆಲ್ಲ ಒಂದೇ ಮಳೆಗೆ ಮೊಳೆಯುವುದಿಲ್ಲ. ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಇನ್ನು ಕೆಲವು ಎಷ್ಟೋ ವರ್ಷ ನೆಲದಲ್ಲೇ ಮಲಗಿರುತ್ತವೆ. ಒಂದು ಬರಕ್ಕೆ ವಂಶವೆಲ್ಲ ನಾಶವಾಗದಂತೆ ಇದು ಪ್ರಕೃತಿಯ ಏರ್ಪಾಡು. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಪ್ರಾಧ್ಯಾಪಕ 1879ರಲ್ಲಿ ಕಳೆಗಿಡಗಳ ಬೀಜಗಳನ್ನು 20 ಬಾಟಲಿಗಳಲ್ಲಿ ತುಂಬಿ ಹೂಳಿದ್ದ. 142 ವರ್ಷಗಳ ನಂತರ, 2021ರಲ್ಲಿ, ಹೊರತೆಗೆದ ಬಾಟಲಿಯಲ್ಲೂ ಕೆಲವು ಬೀಜ ಮೊಳೆತವು!

ರೈತನ ಬೀಜಕ್ಕೆ ಈ ತಾಳ್ಮೆ ಇಲ್ಲ. ಬಿತ್ತಿದೊಡನೆ ಹುಟ್ಟಿದ ಕಾಳೇ ಬೆಳೆದು, ಕೊಯ್ಲಾಗಿ, ಮತ್ತೆ ಬೀಜವಾದದ್ದರಿಂದ ಒಟ್ಟಿಗೆ ಮೊಳೆಯುವ ಗುಣವೇ ತಲೆತಲಾಂತರದಿಂದ ಉಳಿದುಕೊಂಡಿತು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ ಕಾಣುವಷ್ಟು ಆತುರ ಅದಕ್ಕೆ. ಹೊಲದ ಕಳೆ ನೆಲದಲ್ಲಿ ತಲೆಮಾರುಗಟ್ಟಲೆ ಕಾಯುತ್ತದೆ. ಬೆಳೆಯ ಬೀಜವನ್ನಾದರೋ ಮನುಷ್ಯನೇ ಕಾಯಬೇಕು. ಹೀಗೆ ಸುಗ್ಗಿಯಿಂದ ಬಿತ್ತನೆಯವರೆಗೆ ಬೀಜ ಉಳಿಸುವ ಹೊಣೆ ಮನೆಯ ಮೇಲೆ ಬಿತ್ತು.

ಉತ್ತರ ಕರ್ನಾಟಕದ ಮನೆಗಳು ಆ ಹೊಣೆಯನ್ನು ಹೊತ್ತ ರೀತಿ ನೆನೆಯಬೇಕಾದದ್ದು. ಕಣದಲ್ಲೇ ಒಳ್ಳೆಯ ತೆನೆ ಆರಿಸಿ ಬೇರೆ ಇಡುತ್ತಿದ್ದರು. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ತುಂಬಿ ಬಾಯಿ ಮೆತ್ತುತ್ತಿದ್ದರು. ಉಣ್ಣುವ ಕಾಳಿಗೆ ನೆಲದೊಳಗಿನ ಹಗೇವು ಇದ್ದರೆ ಬೀಜದ ಕಾಳಿಗೆ ಅಟ್ಟದ ಮೇಲಿನ ಗಡಿಗೆ. ಈ ಕ್ರಮದ ಹಿಂದಿನ ತರ್ಕವನ್ನು ಬೀಜವಿಜ್ಞಾನ ಒಪ್ಪುತ್ತದೆ. ಕಾಳಿನ ತೇವಾಂಶ ಶೇಕಡಾ 1ರಷ್ಟು ಇಳಿದರೆ ಬೀಜದ ಆಯುಷ್ಯ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ಆ ಶಾಸ್ತ್ರದ ಪ್ರಸಿದ್ಧ ಸೂತ್ರ.

ಕೂರಿಗೆಯ ಲೆಕ್ಕ

ಬೀಜ ಜೀವಂತವಾಗಿದ್ದರೆ ಸಾಲದು, ಅದು ಹಸಿ ಇರುವ ಆಳಕ್ಕೆ ಬೀಳಬೇಕು. ಹಿಂಗಾರಿ ಬೆಳೆಯ ಕಷ್ಟವೇ ಇದು. ಮುಂಗಾರಿ ಬೆಳೆಗೆ ಬಿತ್ತಿದ ಮೇಲೂ ಮಳೆ ಬರುತ್ತದೆ. ಹಿಂಗಾರಿ ಜೋಳ, ಕಡಲೆಗಳು ಎರೆಮಣ್ಣು ಮೊದಲೇ ಹೀರಿಟ್ಟ ನೀರಿನ ಮೇಲೆ ಬದುಕಬೇಕು. ಮೇಲ್ಮಣ್ಣು ಬಿಸಿಲಿಗೆ ಬೇಗ ಆರುತ್ತದೆ. ಬೀಜ ಮೇಲೆ ಬಿದ್ದರೆ ಹಸಿ ಸಾಲದೆ ಒಣಗುತ್ತದೆ. ತೀರ ಆಳಕ್ಕೆ ಬಿದ್ದರೆ ಚಿಗುರು ಬೆಳಕು ಕಾಣುವ ಮೊದಲೇ ಬುತ್ತಿ ತೀರುತ್ತದೆ. ಈ ಎರಡರ ನಡುವೆ ಇರುವುದು ಕೆಲವೇ ಅಂಗುಲಗಳ ಲೆಕ್ಕ.

ಆ ಲೆಕ್ಕವನ್ನು ಕಟ್ಟಿಗೆಯಲ್ಲಿ ಕಟ್ಟಿಟ್ಟ ಸಾಧನವೇ ಕೂರಿಗೆ. ನೆಲ ಸೀಳುವ ತಾಳುಗಳು, ಪ್ರತಿ ತಾಳಿನ ಹಿಂದೆ ಪೊಳ್ಳು ಬಿದಿರಿನ ಕೊಳವೆ, ಎಲ್ಲ ಕೊಳವೆಗಳು ಮೇಲೆ ಬಂದು ಸೇರುವ ಕಟ್ಟಿಗೆಯ ಬಟ್ಟಲು. ಎತ್ತುಗಳು ಎಳೆಯುತ್ತಿದ್ದಂತೆ ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಣ್ಣುಮಗಳು ಹಿಂದೆ ನಡೆಯುತ್ತ ಬೆರಳುಗಳ ಸಂದಿನಿಂದ ಕಾಳು ಬಿಡುತ್ತಾಳೆ. ಅವಳ ಕೈಯ ಓಟವೇ ಸಾಲಿನಲ್ಲಿ ಸಸಿಗಳ ಅಂತರವನ್ನು ತೀರ್ಮಾನಿಸುತ್ತದೆ. ಹಿಂದಿನಿಂದ ಕುಂಟೆ ಹೊಡೆದರೆ ಸಾಲು ಮುಚ್ಚುತ್ತದೆ, ಹಸಿ ಆರುವುದು ತಪ್ಪುತ್ತದೆ. ಹೊಲದ ವಿಸ್ತಾರವನ್ನು ಕೂರಿಗೆಯ ಲೆಕ್ಕದಲ್ಲೇ ಹೇಳುವ ರೂಢಿಯೂ ಈ ಸೀಮೆಯಲ್ಲಿತ್ತು.

ಕೂರಿಗೆ ಹೊರಗಿನವರ ಕಣ್ಣಿಗೆ ಬಿದ್ದದ್ದು ಹದಿನೆಂಟನೆಯ ಶತಮಾನದ ಕೊನೆಗೆ. ಸಾಲುಬಿತ್ತನೆಯ ಯಂತ್ರ ಯೂರೋಪಿನ ಇತ್ತೀಚಿನ ಶೋಧವೆಂದು ಆಗಿನ ಇಂಗ್ಲಿಷರ ಎಣಿಕೆ. ಜೆತ್ರೊ ಟಲ್ ಅಂಥದೊಂದನ್ನು ಮಾಡಿದ್ದು 1701ರಲ್ಲಿ. ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಹಾಲ್ಕಾಟ್ ಎಂಬ ಅಧಿಕಾರಿ ಇಲ್ಲಿನ ರೈತರಲ್ಲಿ ಇಂಥ ಸಾಧನ ಬಹುಹಿಂದಿನಿಂದ ಬಳಕೆಯಲ್ಲಿರುವುದನ್ನು ಕಂಡು ಬೆರಗಾಗಿ, 1790ರ ದಶಕದಲ್ಲಿ ಲಂಡನ್ನಿನ ಕೃಷಿ ಮಂಡಳಿಗೆ ಬರೆದ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಸಹ ಕೂರಿಗೆಯನ್ನು ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ.

ಬೀಜವನ್ನೇ ಉಂಡ ವರ್ಷ

ಕೂರಿಗೆ ಇದ್ದೂ ಬಟ್ಟಲಿಗೆ ಹಾಕಲು ಬೀಜವೇ ಇಲ್ಲದ ಕಾಲವೂ ಬಂತು. 1876-78ರ ಮಹಾಕ್ಷಾಮ ಮದ್ರಾಸು, ಮುಂಬಯಿ ಪ್ರಾಂತಗಳನ್ನೂ ಮೈಸೂರು, ಹೈದರಾಬಾದು ಸಂಸ್ಥಾನಗಳನ್ನೂ ನಡುಗಿಸಿತು. ಅತಿಯಾಗಿ ನಲುಗಿದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಇಂದು ಬಾಗಲಕೋಟೆ ತಾಲ್ಲೂಕಿನ ಊರಾಗಿರುವ ಕಲಾದಗಿ ಆಗ ಜಿಲ್ಲೆಯ ಮುಖ್ಯಸ್ಥಳ. ಕಚೇರಿಗಳು ವಿಜಾಪುರಕ್ಕೆ ಹೋದದ್ದು 1885ರಲ್ಲಿ. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಈ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕುಗ್ಗಿತ್ತು. ಸಾವು ಎಷ್ಟೋ, ಗುಳೆ ಎಷ್ಟೋ.

ಬರದಲ್ಲಿ ಮನೆಯ ಮುಂದೆ ನಿಲ್ಲುವ ಪ್ರಶ್ನೆ ಭೀಕರವಾದದ್ದು. ಗಡಿಗೆಯಲ್ಲಿರುವ ಬೀಜದ ಕಾಳನ್ನು ಇಂದು ಉಂಡರೆ ಮಕ್ಕಳು ಬದುಕಿಕೊಳ್ಳಬಹುದು. ಆದರೆ ಮಳೆ ಬಂದಾಗ ಬಿತ್ತಲು ಏನೂ ಇರುವುದಿಲ್ಲ. ಉಣ್ಣದೆ ಉಳಿಸಿದರೆ ಬಿತ್ತುವ ಕೈಯೇ ಇಲ್ಲವಾಗಬಹುದು. ಕಾಳು ಒಂದೇ, ಅದು ಅನ್ನವೂ ಹೌದು, ಬರುವ ವರ್ಷವೂ ಹೌದು. ಬರ ಮಳೆಯೊಂದಿಗೆ ಮುಗಿಯದೆ ಎರಡನೆಯ ವರ್ಷಕ್ಕೂ ಚಾಚುವುದಕ್ಕೆ ಈ ಬೀಜದ ಕೊರತೆ ದೊಡ್ಡ ಕಾರಣ.

ಬ್ರಿಟಿಷ್ ಸರಕಾರಕ್ಕೂ ಇದು ಮನವರಿಕೆಯಾಯಿತು. ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟ ಬಳಿಕ, 1884ರಲ್ಲಿ ಕೃಷಿಕರ ಸಾಲಗಳ ಕಾಯಿದೆ ಬಂತು. ಬೀಜ ಮತ್ತು ದನ ಕೊಳ್ಳಲು ಸರಕಾರವೇ ಸಾಲ ಕೊಡುವ ಏರ್ಪಾಡು ಅದರಲ್ಲಿತ್ತು. ಹಳ್ಳಿಗಳಲ್ಲಿ ಇಂದಿಗೂ ಹಿರಿಯರ ಬಾಯಲ್ಲಿರುವ ‘ತಗಾವಿ’ ಎಂಬ ಮಾತು ಇಂಥ ಸಾಲಗಳದೇ. ಬೀಜದ ಹೊಣೆಯಲ್ಲಿ ಒಂದು ಪಾಲು ಮನೆಯಿಂದ ಸರಕಾರದ ಕಡೆಗೆ ಸರಿದ ಮೊದಲ ಹೆಜ್ಜೆ ಇದೆನ್ನಬಹುದು.

ಜನಮನ ಬರವನ್ನು ಬೇರೆ ರೀತಿಯಲ್ಲಿ ನೆನಪಿಟ್ಟಿದೆ. ಬಾದಾಮಿ ಬಳಿಯ ಬನಶಂಕರಿ ಶಾಕಂಭರಿಯೂ ಹೌದು. ದೀರ್ಘ ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಲೋಕವನ್ನು ಸಲಹಿದವಳೆಂದು ಪುರಾಣ. ಬನದ ಹುಣ್ಣಿಮೆಯ ಜಾತ್ರೆಗೆ ಮುನ್ನ ಅವಳಿಗೆ 108 ಬಗೆಯ ಪಲ್ಲೆಗಳ ನೈವೇದ್ಯವಾಗುವ ‘ಪಲ್ಲೇದ ಹಬ್ಬ’ ಈ ಸೀಮೆಯ ವಿಶೇಷ.

ಮನೆಯಿಂದ ಅಂಗಡಿಗೆ

ಇತ್ತ ಕ್ಷಾಮಕ್ಕೆ ಏಳು ವರ್ಷ ಮೊದಲು, ಜರ್ಮನಿಯ ಸ್ಯಾಕ್ಸನಿಯ ಥರಾಂಟ್ ಎಂಬ ಊರಿನಲ್ಲಿ ಬೇರೆಯದೇ ಬೀಜದ ಸಮಸ್ಯೆ ತಲೆಯೆತ್ತಿತ್ತು. ಅಲ್ಲಿ ರೈತರು ಬೀಜವನ್ನು ವ್ಯಾಪಾರಿಗಳಿಂದ ಕೊಳ್ಳುತ್ತಿದ್ದರು, ವ್ಯಾಪಾರಿಗಳು ಕಲಬೆರಕೆ ಮಾಡುತ್ತಿದ್ದರು. ಫ್ರೀಡ್ರಿಕ್ ನೋಬೆ ಎಂಬ ಸಸ್ಯವಿಜ್ಞಾನಿ 1869ರಲ್ಲಿ ಜಗತ್ತಿನ ಮೊದಲ ಬೀಜ ಪರೀಕ್ಷಾ ಕೇಂದ್ರವನ್ನು ಅಲ್ಲಿ ತೆರೆದ. ಕಾಳು ಎಣಿಸಿ, ತೇವದಲ್ಲಿಟ್ಟು, ಎಷ್ಟು ಮೊಳೆತವೆಂದು ಶೇಕಡಾ ಲೆಕ್ಕದಲ್ಲಿ ಹೇಳುವ ಪದ್ಧತಿ ಅಲ್ಲಿಂದ ಬೆಳೆಯಿತು.

ಭಾರತಕ್ಕೆ ಆ ಪದ್ಧತಿಯ ಅಗತ್ಯ ಬಿದ್ದದ್ದು ತಡವಾಗಿ, ಏಕೆಂದರೆ ಇಲ್ಲಿನ ರೈತ ಬಹುಕಾಲ ತನ್ನ ಬೀಜವನ್ನೇ ಬಿತ್ತುತ್ತಿದ್ದ. 1933ರಲ್ಲಿ ಬೇಸಾಯ ಸಂಶೋಧನೆಗೆಂದು ಆರಂಭವಾದ ಒಣಬೇಸಾಯ ಯೋಜನೆಯ ಕೇಂದ್ರಗಳಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ ಸೇರಿದ್ದವು. ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ ನಾಟಿ ಜೋಳದಿಂದಲೇ ಆರಿಸಿದ ಮಾಲದಂಡಿ ಎಂ 35-1 ತಳಿ ಈ ಎರೆಸೀಮೆಯ ಹಿಂಗಾರಿ ಹೊಲಗಳನ್ನು ಆವರಿಸಿತು. ಆದರೂ ಅದು ಮನೆಯಲ್ಲಿ ಉಳಿಸಿಕೊಳ್ಳಬಹುದಾದ ಬೀಜವೇ ಆಗಿತ್ತು.

ಮಿಶ್ರತಳಿ ಬಂದ ಮೇಲೆ ಚಿತ್ರ ಬದಲಾಯಿತು. ಮೊದಲ ಮಿಶ್ರತಳಿ ಜೋಳ ಸಿಎಸ್ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಧಾರವಾಡದಲ್ಲಿ ಬಿ.ಎಚ್. ಕತರಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂತು. ಎರಡು ಬೇರೆ ತಳಿಗಳನ್ನು ಕೂಡಿಸಿದ ಈ ಬೀಜದ ಮೊದಲ ಬೆಳೆ ಹುಲುಸು. ಅದರಿಂದಲೇ ಬೀಜ ಉಳಿಸಿ ಬಿತ್ತಿದರೆ ತಂದೆತಾಯಿಯ ಗುಣಗಳು ಬೇರೆಬೇರೆಯಾಗಿ ಚದುರಿ ಹೊಲದಲ್ಲಿ ಒಂದು ಗಿಡದಂತೆ ಇನ್ನೊಂದು ಇರುವುದಿಲ್ಲ. ಹೀಗಾಗಿ ಪ್ರತಿವರ್ಷವೂ ಅಂಗಡಿಗೆ ಹೋಗುವುದು ಅನಿವಾರ್ಯವಾಯಿತು.

ಇಳುವರಿ ಏರಿತು, ನಿಜ. ಜೊತೆಗೇ ಬೀಜ ಚೆನ್ನಾಗಿದೆ ಎಂದು ತನ್ನ ಕಣ್ಣಿನಿಂದ ಕಂಡುಕೊಳ್ಳುತ್ತಿದ್ದ ರೈತ ಬೇರೆಯವರ ಮಾತನ್ನು ನಂಬಬೇಕಾಯಿತು. ಆ ಮಾತಿಗೆ ಕಾಯಿದೆಯ ಬಲ ಕೊಡಲು ದೆಹಲಿಯಲ್ಲಿ 1961ರಲ್ಲಿ ಬೀಜ ಪರೀಕ್ಷಾ ಪ್ರಯೋಗಾಲಯ, 1963ರಲ್ಲಿ ರಾಷ್ಟ್ರೀಯ ಬೀಜ ನಿಗಮ, 1966ರಲ್ಲಿ ಬೀಜ ಕಾಯಿದೆ ಬಂದವು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರಬೇಕು. ಜೋಳವಾದರೆ 100ಕ್ಕೆ ಕನಿಷ್ಠ 75, ಕಡಲೆಯಾದರೆ 85, ಸೂರ್ಯಕಾಂತಿಯಾದರೆ 70 ಕಾಳು ಮೊಳೆಯಬೇಕು.

ಪ್ರಯೋಗಾಲಯದಲ್ಲಿ ಈ ಎಣಿಕೆ ನಡೆಯುವ ಕ್ರಮ ಕುತೂಹಲಕರ. ಜೋಳದ 400 ಕಾಳುಗಳನ್ನು ಒದ್ದೆ ಕಾಗದದಲ್ಲಿಟ್ಟು ನಾಲ್ಕನೆಯ ದಿನ ಮೊದಲ ಬಾರಿ, ಹತ್ತನೆಯ ದಿನ ಕೊನೆಯ ಬಾರಿ ಎಣಿಸುತ್ತಾರೆ. ಘಟದಲ್ಲಿ ಮೊಳಕೆ ಕಾಣುವುದು ಮೂರು-ನಾಲ್ಕನೆಯ ದಿನ, ಸಸಿ ಕೀಳುವುದು ಹತ್ತನೆಯ ದಿನ. ಒಂದನ್ನು ನೋಡಿ ಇನ್ನೊಂದು ಹುಟ್ಟಿದ್ದಲ್ಲ. ಕಾಳು ಎದ್ದು ನಿಲ್ಲಲು ಬೇಕಾದ ಕಾಲ ಎರಡು ಕಡೆಯೂ ಒಂದೇ ಆದ್ದರಿಂದ ದಿನಗಳೂ ತಾಳೆಯಾಗಿವೆ.

ಒಂದು ಹಿಡಿ ಉಳಿದಿರಲಿ

ಚೀಟಿ ಇದ್ದ ಮಾತ್ರಕ್ಕೆ ಮೋಸ ನಿಂತಿಲ್ಲ. ಕಳಪೆ ಬೀಜದ ದೂರುಗಳು ಬಿತ್ತನೆಯ ಕಾಲದಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ. ಹುಟ್ಟದ ಬೀಜದಿಂದ ಹೋಗುವುದು ಬೀಜದ ಬೆಲೆಯಷ್ಟೇ ಅಲ್ಲ. ಹಸ್ತ ಮಳೆಯ ಹಸಿ ಆರಿದ ಮೇಲೆ ಎರಡನೆಯ ಬಾರಿ ಬಿತ್ತಲು ನೆಲದಲ್ಲಿ ನೀರೇ ಇರುವುದಿಲ್ಲ. ಹೋದದ್ದು ಇಡೀ ವರ್ಷ.

ಈ ವಿಚಾರದಲ್ಲಿ ಎರಡು ಕಾನೂನು ಸಂಗತಿಗಳು ರೈತರಿಗೆ ಗೊತ್ತಿರಬೇಕು. ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆ, ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಕಂಪನಿಯ ಹೆಸರು ಹಾಕದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಎರಡನೆಯದು ಆಂಧ್ರಪ್ರದೇಶದ ರೈತರ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಬೀಜ ಕೊಳ್ಳುವ ರೈತನೂ ಗ್ರಾಹಕನೇ, ಗ್ರಾಹಕ ವೇದಿಕೆಯಲ್ಲಿ ಪರಿಹಾರ ಕೇಳಬಹುದು ಎಂದು ಅದು ಸ್ಪಷ್ಟಪಡಿಸಿತು. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ ಪರೀಕ್ಷೆಗೆಂದು ಮಾದರಿ ತೆಗೆದಿಟ್ಟಿರಬೇಕೆಂದು ನಿರೀಕ್ಷಿಸುವಂತಿಲ್ಲ ಎಂದೂ ನ್ಯಾಯಾಲಯ ಹೇಳಿತು.

ಹಾಗಿದ್ದರೂ ಮಾದರಿ ತೆಗೆದಿಡುವುದು ಒಳ್ಳೆಯದು, ಬಿತ್ತುವ ಮೊದಲು ಪರೀಕ್ಷಿಸುವುದು ಇನ್ನೂ ಒಳ್ಳೆಯದು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಚೀಲದ ಬೇರೆಬೇರೆ ಕಡೆಯಿಂದ ಆರಿಸದೆ 100 ಕಾಳು ಎಣಿಸಿ ತೆಗೆಯಬೇಕು. ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿ ಜೋಡಿಸಿ, ಸುತ್ತಿ, ನೆರಳಿನಲ್ಲಿಟ್ಟು, ಆರದಂತೆ ನೀರು ಚಿಮುಕಿಸಬೇಕು. ಐದಾರು ದಿನಕ್ಕೆ ಬಿಚ್ಚಿ, ಬೇರು-ಚಿಗುರು ಎರಡೂ ಸರಿಯಾಗಿ ಬಂದವುಗಳನ್ನು ಎಣಿಸಬೇಕು. 75ಕ್ಕಿಂತ ತೀರ ಕಡಿಮೆಯಾದರೆ ಆ ಜೋಳವನ್ನು ಹೊಲಕ್ಕೆ ಒಯ್ಯುವ ಮೊದಲು ಅಂಗಡಿಯವನನ್ನು ಕೇಳಬೇಕು. ರಸೀದಿ, ಚೀಲದ ಚೀಟಿ, ಒಂದು ಹಿಡಿ ಕಾಳು, ಈ ಮೂರನ್ನೂ ಸುಗ್ಗಿಯವರೆಗೆ ಜೋಪಾನ ಮಾಡಬೇಕು.

ವಿದ್ಯಾಗಿರಿಯ ಮನೆಗಳಲ್ಲಿ ದಸರೆಯ ದಿನ ಘಟದ ಸಸಿಗಳನ್ನು ಕಿತ್ತು ದೇವರಿಗೆ ಏರಿಸುತ್ತಾರೆ, ಕೆಲವರು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುತ್ತಾರೆ. ಕಿರಾಣಿ ಅಂಗಡಿಯ ಕಾಳಿನಿಂದ ಘಟ ಹಾಕಿದರೆ ಅದು ಹಬ್ಬವಷ್ಟೇ ಆದೀತು. ಹೊಲವಿರುವವರು ಈ ಸಲ ಬಿತ್ತನೆಗೆ ತಂದ ಚೀಲದಿಂದಲೇ ಒಂದು ಹಿಡಿ ತೆಗೆದು ಗಡಿಗೆಯ ಸುತ್ತ ಬಿತ್ತಲಿ. ಬಿತ್ತನೆ ಹಬ್ಬಕ್ಕಿಂತ ಮೊದಲೇ ಬರುವಂತಿದ್ದರೆ ಗೋಣಿತಟ್ಟನ್ನು ಒದ್ದೆ ಮಾಡಲಿ. ಹಿರಿಯರು ಒಂಬತ್ತು ದಿನ ಕಾದು ನೋಡುತ್ತಿದ್ದುದು ಅದನ್ನೇ.